ಕಮಲಾಪುರ ಅಂತ ಹುಡುಕಿದರೆ ಹಂಪಿ ತೋರಿಸುತ್ತೆ: ಖಾಸಗಿ ಕ್ಲಿನಿಕ್‌ಗಳ ಒಂದು ಪಟ್ಟಿ ಮಾಡೋದು ಯಾಕಿಷ್ಟು ಕಷ್ಟ?

ಕಳೆದ ಚಳಿಗಾಲದ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ, ನಮ್ಮ ಆಯಿಗೆ ಉಸಿರಾಡೋಕೆ ಕಷ್ಟವಾಯಿತು. ಆಯಿ ಅಂದರೆ ನಮ್ಮ ಮನೆಯಲ್ಲಿ ಅಜ್ಜಿ. ಮನೆ ಇರೋದು ಕಮಲಾಪುರದಲ್ಲಿ. ಪಕ್ಕದವರ ಜೀಪು ಹಿಡಿದು ಕಲಬುರಗಿ ಕಡೆ ಹೊರಟೆವು. ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್ ದಾರಿ. ನಾನು ಮುಂದಿನ ಸೀಟಿನಲ್ಲಿ ಕೂತು, ‘24 ತಾಸು’ ತೆರೆದಿರುವ ದವಾಖಾನೆಗಳನ್ನು ಫೋನಿನಲ್ಲಿ ಹುಡುಕುತ್ತಿದ್ದೆ.

ಮೊದಲ ವಿಳಾಸಕ್ಕೆ ಹೋದರೆ ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಬೋರ್ಡು, ಕೆಳಗೆ ಶಟರ್. ಎರಡನೆಯದರಲ್ಲಿ ಕ್ಲಿನಿಕ್ ಇತ್ತು, ಡಾಕ್ಟರ್ ಇರಲಿಲ್ಲ. ಕಾವಲಿಗೆ ಮಲಗಿದ್ದವರು ಎದ್ದು, “ಸಾಹೇಬ್ರು ಸೊಲ್ಲಾಪುರಕ್ಕ ಹೋಗ್ಯಾರ್ರಿ, ಸೋಮವಾರ ಬರ್ತಾರ” ಅಂದರು. ಮೂರನೆಯದು ಚರ್ಮರೋಗದ ದವಾಖಾನೆ. ಅಷ್ಟೊತ್ತಿಗೆ ಜೀಪಿನವರಿಗೆ ಸಿಟ್ಟು ಬಂದಿತ್ತು. “ಆ ಫೋನ್ ಒಳಗ ಇಡ್ರಿ ಯಪ್ಪಾ, ನಾ ಒಯ್ತೀನಿ” ಅಂತ ಸೀದಾ ಸರ್ಕಾರಿ ಜಿಲ್ಲಾಸ್ಪತ್ರೆಗೆ ಗಾಡಿ ತಿರುಗಿಸಿದರು. ಆಯಿ ಬದುಕಿಕೊಂಡಳು. ಈಗ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದರೆ ಜಗಳ ತೆಗೆಯುವಷ್ಟು ಆರಾಮ ಇದ್ದಾಳೆ. (108ಕ್ಕೆ ಫೋನ್ ಮಾಡಬೇಕಿತ್ತು, ಗೊತ್ತು. ಗಾಬರಿಯಲ್ಲಿ ನೆನಪಾಗಲಿಲ್ಲ. ನಾವು ಕಟ್ಟುತ್ತಿರುವ ಪುಟದ ಮೊದಲ ಸಾಲಿನಲ್ಲಿ ಈಗ ಆ ಮೂರು ಅಂಕಿಗಳೇ ಇವೆ.)

ಆ ವಾರವೇ ನಾನು ಮತ್ತು ಇಬ್ಬರು ಗೆಳೆಯರು ನಿರ್ಧಾರ ಮಾಡಿದೆವು: ಕಲಬುರಗಿ ನಗರ ಮತ್ತು ಕಮಲಾಪುರ, ಇವೆರಡರ ಖಾಸಗಿ ಕ್ಲಿನಿಕ್‌ಗಳದ್ದು ಕನ್ನಡದಲ್ಲಿ ಒಂದು ಆನ್‌ಲೈನ್ ಡೈರೆಕ್ಟರಿ ಮಾಡೋಣ. ಒಬ್ಬ ಬೆಂಗಳೂರಿನಲ್ಲಿ ಕೋಡಿಂಗ್ ಮಾಡ್ತಾನೆ. ಇನ್ನೊಬ್ಬಳು ಫಾರ್ಮಸಿ ಓದಿದವಳು. ಎರಡು ವಾರದ ಕೆಲಸ ಅಂದುಕೊಂಡಿದ್ವಿ. ಎಂಟು ತಿಂಗಳಾಯಿತು, ಇನ್ನೂ ಬಿಡುಗಡೆ ಮಾಡಿಲ್ಲ. ಯಾಕೆ ಮಾಡಿಲ್ಲ ಅಂತ ಕೇಳುವ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳಿ ಸಾಕಾಗಿದೆ. ಹಾಗಾಗಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಆ ಕಾರಣದಲ್ಲಿ ತಂತ್ರಜ್ಞಾನದ ಪಾಲು ಕಡಿಮೆ, ರಾಜಕಾರಣದ ಪಾಲು ಜಾಸ್ತಿ.

ಮೊದಲು ಇದು ಎಷ್ಟು ದೊಡ್ಡ ವಿಷಯ ಅಂತ ನೋಡಿ. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ, ದೇಶದಲ್ಲಿ ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಪಾಲು ಸುಮಾರು ಶೇ. 30. ಖಾಸಗಿ ಆಸ್ಪತ್ರೆಗಳದ್ದು ಶೇ. 23ರ ಆಸುಪಾಸು. ಖಾಸಗಿ ಡಾಕ್ಟರು ಮತ್ತು ಸಣ್ಣ ಕ್ಲಿನಿಕ್‌ಗಳದ್ದು ಶೇ. 43. ಅಂದರೆ ಜ್ವರ, ಕೆಮ್ಮು, ಮೊಣಕಾಲು ನೋವು, ಸಕ್ಕರೆ ಕಾಯಿಲೆಗೆ ಜನ ಎಲ್ಲಕ್ಕಿಂತ ಹೆಚ್ಚು ಹೋಗೋದು ಒಂದು ಕೋಣೆ, ಒಂದು ಪರದೆ, ಒಬ್ಬ ಕಂಪೌಂಡರ್ ಇರುವ ಜಾಗಕ್ಕೆ. 2011ರ ಜನಗಣತಿಯಲ್ಲೇ ನಮ್ಮ ಜಿಲ್ಲೆಯಲ್ಲಿ 25.66 ಲಕ್ಷ ಜನ. ಕಲಬುರಗಿ ಸಾಮಾನ್ಯ ಊರೂ ಅಲ್ಲ. ಮಹಾದೇವಪ್ಪ ರಾಂಪುರೆ, ಖಾಜಾ ಬಂದಾ ನವಾಜ್, ಜಿಮ್ಸ್, ಇಎಸ್‌ಐಸಿ ಅಂತ ನಾಲ್ಕು ಮೆಡಿಕಲ್ ಕಾಲೇಜುಗಳಿರುವ ನಗರ. ಈ ನಗರದಲ್ಲಿ ರಾತ್ರಿ ಹನ್ನೊಂದಕ್ಕೆ ಯಾವ ಬಾಗಿಲು ತೆರೆದಿದೆ ಅಂತ ಮಾತ್ರ ಯಾರೂ ಒಂದೇ ಕಡೆ ಬರೆದಿಟ್ಟಿಲ್ಲ.

ಬರೆದಿಡೋದು ಯಾಕೆ ಕಷ್ಟ ಅನ್ನೋದು ಮೊದಲ ದಿನವೇ ಗೊತ್ತಾಯಿತು.

ಹೆಸರಿನ ಜಗಳ

ಇಂಟರ್ನೆಟ್‌ನಲ್ಲಿ ‘ಕಮಲಾಪುರ ಕ್ಲಿನಿಕ್’ ಅಂತ ಹುಡುಕಿ. ಬಹುಪಾಲು ಸಲ ನಿಮ್ಮನ್ನು ಕರೆದುಕೊಂಡು ಹೋಗೋದು ಹಂಪಿ ಪಕ್ಕದ ಕಮಲಾಪುರಕ್ಕೆ. ಅದು ವಿಜಯನಗರ ಜಿಲ್ಲೆ, ನಮ್ಮಿಂದ 250 ಕಿಲೋಮೀಟರ್‌ಗೂ ಹೆಚ್ಚು ದೂರ. ತೆಲಂಗಾಣದಲ್ಲೂ ಒಂದು ಕಮಲಾಪುರ ಇದೆ. ನಮ್ಮದು ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಪಡೆದ ಕಮಲಾಪುರ, 2018ರಲ್ಲಿ ತಾಲ್ಲೂಕು ಆದ ಊರು. ಬಾಳೆಹಣ್ಣಿಗೆ ಇರುವ ಗುರುತು ಊರಿಗೆ ಇನ್ನೂ ಸಿಕ್ಕಿಲ್ಲ ಅಂತ ನಾವು ತಮಾಷೆ ಮಾಡ್ತೀವಿ.

ಜಿಲ್ಲೆಯ ಹೆಸರಿನದ್ದೂ ಇದೇ ಪಾಡು. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಯಿತು. ಹಳೆಯ ಬೋರ್ಡುಗಳಲ್ಲಿ ಗುಲ್ಬರ್ಗ ಉಳಿದಿದೆ. ಹೊಸ ಬೋರ್ಡುಗಳಲ್ಲಿ ಕಲಬುರಗಿ, ಕಲಬುರ್ಗಿ, ಕಲ್ಬುರ್ಗಿ ಅಂತ ಮೂರು ರೂಪ ನಾನೇ ನೋಡಿದ್ದೇನೆ. ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ನಾಲ್ಕು. ಮನುಷ್ಯರಿಗೆ ಇದು ಸಮಸ್ಯೆಯೇ ಅಲ್ಲ. ಕಂಪ್ಯೂಟರಿಗೆ ಇವು ಏಳು ಬೇರೆಬೇರೆ ಊರು. ಇನ್ನು ಡಾಕ್ಟರ ಹೆಸರು! ಪಾಟೀಲ ಅಂತ ಟೈಪ್ ಮಾಡಿದರೆ ಅರ್ಧ ನಗರ ಬಂದು ನಿಲ್ಲುತ್ತೆ.

ಆಮೇಲೆ ಕಾಯಿಲೆಯ ಭಾಷೆ. ನಮ್ಮ ಮೊದಲ ಪುಟದಲ್ಲಿ ‘ಆರ್ಥೋಪೆಡಿಕ್ಸ್’, ‘ಗೈನಕಾಲಜಿ’ ಅಂತ ಚಂದದ ಬಟನ್‌ಗಳಿದ್ದವು. ಪಕ್ಕದ ಮನೆಯ ಅತ್ತೆಗೆ ಫೋನ್ ಕೊಟ್ಟು, ಹುಡುಕಿ ನೋಡ್ರಿ ಅಂದೆ. ಅವರು ಆ ಬಟನ್‌ಗಳನ್ನು ಮುಟ್ಟಲೇ ಇಲ್ಲ. ಮೈಕ್ ಒತ್ತಿ, “ಎಲುಬಿನ ಡಾಕ್ಟರ್” ಅಂದರು. ಅವರ ಗೆಳತಿ “ಹಡ್ಡಿ ಡಾಕ್ಟರ್” ಅಂದರು. ಇಬ್ಬರೂ ಕೇಳಿದ ಎರಡನೇ ಪ್ರಶ್ನೆ ಒಂದೇ: “ಲೇಡಿ ಡಾಕ್ಟರ್ ಅದಾರೇನು?” ನಾವು ಮಾಡಿದ್ದ ಕೋಷ್ಟಕದಲ್ಲಿ ಆ ಕಾಲಮ್ಮೇ ಇರಲಿಲ್ಲ. ಮೂವರಲ್ಲಿ ಇಬ್ಬರು ಗಂಡಸರು ಕೂತು ಮಾಡಿದ ಕೋಷ್ಟಕ, ಅದಕ್ಕೇ ಇರಬೇಕು. ಮೆಟ್ಟಿಲು ಎಷ್ಟು ಅನ್ನೋ ಕಾಲಮ್ ಕೂಡ ಆಮೇಲೆ ಸೇರಿದ್ದು. ಮೊಣಕಾಲು ನೋವಿನವರನ್ನು ಎರಡನೇ ಮಹಡಿ ಹತ್ತಿಸುವ ಎಲುಬಿನ ಕ್ಲಿನಿಕ್‌ಗಳು ಎಲ್ಲ ಊರಲ್ಲೂ ಇವೆ.

ಇನ್ನೊಂದು ಪ್ರಶ್ನೆಯನ್ನೂ ಜನ ಕೇಳ್ತಾರೆ, ಸ್ವಲ್ಪ ದನಿ ತಗ್ಗಿಸಿ: ಡಾಕ್ಟರ್ ಯಾವ ಪೈಕಿ? ಆ ಕಾಲಮ್ ನಾವು ಇಟ್ಟಿಲ್ಲ, ಇಡೋದೂ ಇಲ್ಲ. ಆದರೆ ಅಡ್ಡಹೆಸರು ಓದಿದ ಕೂಡಲೇ ಜನ ಅದನ್ನು ತಾವೇ ತುಂಬಿಕೊಳ್ತಾರೆ ಅಂತ ನಮಗೂ ಗೊತ್ತು.

ಇದೆಲ್ಲ ಬೇಸರದ ಕೆಲಸ, ಅಷ್ಟೇ. ಕೂತು ಮಾಡಿದರೆ ಮುಗಿಯುತ್ತೆ. ನಿಜವಾಗಿ ನಮ್ಮನ್ನು ಕೆಡವಿದ್ದು ಬೇರೆ: ಕ್ಲಿನಿಕ್ ಅಂದರೆ ಏನು ಅನ್ನೋ ಪ್ರಶ್ನೆ. ನಾವು ಒಂದು ಸಾಲಿಗೆ ಒಂದು ಕ್ಲಿನಿಕ್, ಅದಕ್ಕೊಬ್ಬ ಡಾಕ್ಟರ್, ಒಂದು ಸಮಯ ಅಂತ ಶುರು ಮಾಡಿದ್ವಿ. ನಿಜದಲ್ಲಿ ಒಬ್ಬ ಡಾಕ್ಟರ್ ಬೆಳಿಗ್ಗೆ ಮೆಡಿಕಲ್ ಕಾಲೇಜಿನಲ್ಲಿ, ಸಂಜೆ ಸ್ವಂತ ಕ್ಲಿನಿಕ್‌ನಲ್ಲಿ, ಗುರುವಾರ ಕಮಲಾಪುರದ ಒಂದು ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಇರ್ತಾರೆ. ಅದೇ ಕೋಣೆಯಲ್ಲಿ ಶನಿವಾರ ಬೇರೆಯವರು. ತಿಂಗಳಿಗೊಮ್ಮೆ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಬರುವ ನರರೋಗ ತಜ್ಞರಿಗೆ ಇನ್ನೊಂದು ಕಡೆ ಜಾಗ. ತಾಲ್ಲೂಕಿನಲ್ಲಿ ‘ದವಾಖಾನಿ’ ಅಂದರೆ ಕಟ್ಟಡಕ್ಕಿಂತ ವಾರದ ದಿನ ಮುಖ್ಯ. ಸಂತೆ ಇದ್ದ ಹಾಗೆ.

ಬೆಂಗಳೂರಿನ ಪ್ರ್ಯಾಕ್ಟೋ ಕಂಪನಿಯ ಕತೆ ಇಲ್ಲಿ ಉಪಯೋಗಕ್ಕೆ ಬರುತ್ತೆ. 2008ರಲ್ಲಿ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದುತ್ತಿದ್ದ ಶಶಾಂಕ್ ಎನ್.ಡಿ. ಮತ್ತು ಅಭಿನವ್ ಲಾಲ್ ಅದನ್ನು ಶುರು ಮಾಡಿದರು. ಅವರು ಮೊದಲು ಮಾಡಿದ್ದು ರೋಗಿಗಳಿಗೆ ಡೈರೆಕ್ಟರಿ ಅಲ್ಲ. ಡಾಕ್ಟರರು ಅಪಾಯಿಂಟ್‌ಮೆಂಟ್, ರೋಗಿಗಳ ದಾಖಲೆ ಇಟ್ಟುಕೊಳ್ಳುವ ಸಾಫ್ಟ್‌ವೇರ್. ಹುಡುಕಾಟದ ಪುಟ ಆಮೇಲೆ ಬಂತು. ಕ್ಲಿನಿಕ್ ತನ್ನ ದಿನಚರಿಯನ್ನೇ ಕಂಪ್ಯೂಟರಿನಲ್ಲಿ ನಡೆಸುತ್ತಿದ್ದರೆ, ಡಾಕ್ಟರ್ ಇವತ್ತು ರಜೆ ಅನ್ನೋದು ಹೊರಗಿನವರಿಗೂ ತಾನಾಗೇ ತಿಳಿಯುತ್ತೆ. ನಮ್ಮಲ್ಲಿ ಅಪಾಯಿಂಟ್‌ಮೆಂಟ್ ಇರೋದು ಕಂಪೌಂಡರ್ ಕೈಯಲ್ಲಿರುವ ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ. ಆ ನೋಟ್‌ಬುಕ್ ಮತ್ತು ನಮ್ಮ ವೆಬ್‌ಸೈಟ್ ನಡುವೆ ಇರುವ ಒಂದೇ ತಂತಿ ಅಂದರೆ ಫೋನ್ ಕಾಲ್.

ಆ ಕಾಲ್‌ಗಳ ಲೆಕ್ಕ ಹಾಕಿ. ನಗರದಲ್ಲಿ 500 ಕ್ಲಿನಿಕ್ ಇವೆ ಅಂತ ಸುಮ್ಮನೆ ಲೆಕ್ಕಕ್ಕೆ ಹಿಡಿಯೋಣ. ಒಂದೊಂದಕ್ಕೆ ಹತ್ತು ನಿಮಿಷ ಅಂದರೆ 5000 ನಿಮಿಷ, ಸುಮಾರು 83 ತಾಸು. ಮೂರು ತಿಂಗಳಿಗೊಮ್ಮೆ ಮತ್ತೆ ಕೇಳದಿದ್ದರೆ ಪಟ್ಟಿ ಹಳಸಿಹೋಗುತ್ತೆ. ವರ್ಷಕ್ಕೆ 333 ತಾಸು, ದಿನಕ್ಕೆ ಎಂಟು ತಾಸು ಕೂತರೂ ನಲವತ್ತು ದಿನಕ್ಕಿಂತ ಹೆಚ್ಚು. ವೆಬ್‌ಸೈಟ್ ನಡೆಸುವ ಖರ್ಚು ತಿಂಗಳಿಗೆ ನಾವು ಮೂವರು ಕುಡಿಯುವ ಚಹಾದಷ್ಟು. ಆದರೆ ಈ ನಲವತ್ತು ದಿನದ ಕೂಲಿ ಯಾರು ಕೊಡ್ತಾರೆ?

ಸಂಖ್ಯೆ ಇದೆ, ಬೋರ್ಡ್ ಇದೆ

ಇಷ್ಟು ಹೊತ್ತಿಗೆ ಒಬ್ಬ ವಕೀಲ ಗೆಳೆಯ ಕೇಳಿದ: “ಈ ಪಟ್ಟಿ ಸರ್ಕಾರದ ಹತ್ರ ಇಲ್ವಾ?” ನಾಚಿಕೆಯ ಸಂಗತಿ ಅಂದರೆ, ನಾವು ಮೊದಲ ಎರಡು ತಿಂಗಳು ಈ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ.

ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಅನ್ನುವುದು, 2007ರದ್ದು. ಅದಕ್ಕೂ ಮೊದಲು 1976ರ ಖಾಸಗಿ ನರ್ಸಿಂಗ್ ಹೋಮ್ ಕಾಯ್ದೆ ಇತ್ತು. 2007ರ ಕಾಯ್ದೆಯ ವ್ಯಾಪ್ತಿಯಲ್ಲಿ ದೊಡ್ಡ ಆಸ್ಪತ್ರೆ ಮಾತ್ರವಲ್ಲ, ಕ್ಲಿನಿಕ್, ಪಾಲಿಕ್ಲಿನಿಕ್, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್, ಫಿಸಿಯೋಥೆರಪಿ ಕೇಂದ್ರ ಎಲ್ಲ ಬರುತ್ತೆ. ನೋಂದಣಿ ಇಲ್ಲದೆ ಯಾವುದೂ ನಡೆಯುವಂತಿಲ್ಲ. ನೋಂದಣಿಯ ಅವಧಿ ಐದು ವರ್ಷ, ಈಗ ಅರ್ಜಿ ಹಾಕೋದು ಆನ್‌ಲೈನ್‌ನಲ್ಲೇ. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು.

2017ರ ನವೆಂಬರ್ ನೆನಪಿದೆಯಾ? ಆಗ ನಾನು ಪಿಯುಸಿಯಲ್ಲಿದ್ದೆ. ಈ ಕಾಯ್ದೆಗೆ ಆರೋಗ್ಯ ಸಚಿವರಾಗಿದ್ದ ರಮೇಶ್ ಕುಮಾರ್ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಬೆಳಗಾವಿ ಅಧಿವೇಶನದ ಹೊರಗೆ ಪ್ರತಿಭಟನೆ ನಡೆಯಿತು. ಮೊದಲ ಕರಡಿನಲ್ಲಿ ಚಿಕಿತ್ಸೆಯ ದರವನ್ನು ಸರ್ಕಾರವೇ ನಿಗದಿ ಮಾಡುವುದು, ಮೀರಿದರೆ ಜೈಲು ಅಂತೆಲ್ಲ ಇತ್ತು. ಕೊನೆಗೆ ಪಾಸಾದದ್ದು ಸೌಮ್ಯವಾದ ರೂಪ. ಸರ್ಕಾರದ ದರ ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ, ಉಳಿದವರಿಗೆ ಸಂಸ್ಥೆ ತನ್ನ ದರವನ್ನು ಪ್ರದರ್ಶಿಸಿದರೆ ಸಾಕು. ತುರ್ತು ರೋಗಿಯಿಂದ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು, ಬಿಲ್ ಬಾಕಿ ಇದೆ ಅಂತ ಶವ ತಡೆಹಿಡಿಯಬಾರದು ಅನ್ನೋದು ಉಳಿದುಕೊಂಡಿತು. ಆಗಿನ ಚರ್ಚೆಯೆಲ್ಲ ದರದ ಸುತ್ತ, ಜೈಲಿನ ಸುತ್ತ. ‘ನೋಂದಣಿ ಪುಸ್ತಕ ಜನರ ಕೈಗೆ ಹೇಗೆ ಸಿಗಬೇಕು’ ಅನ್ನೋದರ ಬಗ್ಗೆ ಯಾರೂ ರಸ್ತೆಗಿಳಿದ ಹಾಗಿಲ್ಲ. ಅಂಥ ವಿಷಯಕ್ಕೆ ಯಾರು ಘೋಷಣೆ ಬರೀತಾರೆ ಹೇಳಿ.

2024ರಲ್ಲಿ ಆರೋಗ್ಯ ಇಲಾಖೆ ಇನ್ನೊಂದು ಹೆಜ್ಜೆ ಇಟ್ಟಿತು. ನಕಲಿ ವೈದ್ಯರ ಹಾವಳಿ ತಡೆಯಲು, ಪ್ರತಿ ಖಾಸಗಿ ಸಂಸ್ಥೆಯೂ ತನ್ನ ಕೆಪಿಎಂಇ ನೋಂದಣಿ ಸಂಖ್ಯೆ ಮತ್ತು ಹೆಸರನ್ನು ಬೋರ್ಡಿನಲ್ಲಿ ಬರೆಸಬೇಕು ಅಂತ ಆದೇಶಿಸಿತು. ಅಲೋಪಥಿಗೆ ನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು. ನನಗೆ ಇದು ತುಂಬಾ ಇಷ್ಟವಾದ ಆದೇಶ. ಓದು ಬಾರದ ನಮ್ಮ ಆಯಿಗೂ ಬಣ್ಣ ಕಾಣುತ್ತೆ. ನಮ್ಮ ಪುಟದಲ್ಲೂ ಅದೇ ಎರಡು ಬಣ್ಣ ಹಾಕಿದ್ದೇವೆ.

ಹಾಗಾದರೆ ಇನ್ನೇನು, ಆ ಸಂಖ್ಯೆಗಳನ್ನು ತಗೊಂಡು ಪಟ್ಟಿ ಮಾಡಿದರಾಯ್ತಲ್ಲ? ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ತಾರೆ, ನಾವೂ ಮಾಡಿಕೊಂಡ್ವಿ. ಬೋರ್ಡಿನ ಮೇಲೆ ಎರಡು ಸಂಖ್ಯೆ ಇರಬಹುದು. ಒಂದು ಕೆಪಿಎಂಇ ಸಂಖ್ಯೆ, ಅದು ಜಾಗದ್ದು. ಇನ್ನೊಂದು ವೈದ್ಯರದ್ದು. ಎಂಬಿಬಿಎಸ್ ಮಾಡಿದವರದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿರುತ್ತೆ, ಆಯುರ್ವೇದ, ಯುನಾನಿ, ಹೋಮಿಯೋಪಥಿಯವರದು ಅವರವರ ಮಂಡಳಿಗಳಲ್ಲಿ. ಜಾಗದ ಸಂಖ್ಯೆ ಸರಿ ಇದ್ದ ಮಾತ್ರಕ್ಕೆ ಒಳಗೆ ಕೂತವರು ಅವರೇ ಅಂತ ಆಗುವುದಿಲ್ಲ. ವೈದ್ಯರ ಸಂಖ್ಯೆ ಸರಿ ಇದ್ದ ಮಾತ್ರಕ್ಕೆ ಜಾಗಕ್ಕೆ ಅನುಮತಿ ಇದೆ ಅಂತಲೂ ಅಲ್ಲ. ಎರಡನ್ನೂ ತಾಳೆ ನೋಡಿದ ಮೇಲೆ ಮಾತ್ರ ‘ಪರಿಶೀಲಿಸಲಾಗಿದೆ’ ಅಂತ ಟಿಕ್ ಹಾಕಬಹುದು. ಆ ಟಿಕ್ ಹಾಕುವ ಅಧಿಕಾರ ನಮಗೆ ಯಾರು ಕೊಟ್ಟರು? ಯಾರೂ ಇಲ್ಲ. ನಾಳೆ ತಪ್ಪಾದರೆ ಜವಾಬ್ದಾರಿ ಯಾರದ್ದು? ನಮ್ಮದು.

ಕೇಂದ್ರ ಸರ್ಕಾರದ್ದೂ ಒಂದು ಪ್ರಯತ್ನ ಇದೆ. 2021ರ ಸೆಪ್ಟೆಂಬರ್ 27ರಂದು ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಆರೋಗ್ಯ ಸಂಸ್ಥೆಗಳದ್ದೊಂದು, ವೃತ್ತಿಪರರದ್ದೊಂದು ನೋಂದಣಿ ಇದೆ. ಅದರಲ್ಲಿ ಸೇರೋದು ಸ್ವಯಂಪ್ರೇರಿತ. ಕೆಪಿಎಂಇ ಕಡ್ಡಾಯ. ಪಟ್ಟಿಯ ಬೆನ್ನೆಲುಬು ಬೇಕು ಅಂದರೆ ಕಡ್ಡಾಯ ಇರುವ ಕಡೆಗೇ ಹೋಗಬೇಕು.

ಈಗ ಕಷ್ಟದ ಭಾಗಕ್ಕೆ ಬರ್ತೀನಿ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ಜ್ವರ ಬಂದರೆ ಜನ ಹೋಗೋದು ‘ಆರ್‌ಎಂಪಿ ಡಾಕ್ಟರ್’ ಹತ್ತಿರ. ಹಿಂದೆ ಯಾವುದೋ ಡಾಕ್ಟರ್ ಬಳಿ ಕಂಪೌಂಡರ್ ಆಗಿದ್ದವರು, ಇಂಜೆಕ್ಷನ್ ಕಲಿತವರು, ಬೈಕಿನಲ್ಲಿ ಮನೆಗೇ ಬರುವವರು. ಕಾನೂನಿನ ಕಣ್ಣಲ್ಲಿ ಅವರು ವೈದ್ಯರಲ್ಲ. ಯಾವ ರಿಜಿಸ್ಟರಿನಲ್ಲೂ ಇಲ್ಲ. ನಮ್ಮ ಮೂವರ ನಡುವೆ ದೊಡ್ಡ ಜಗಳ ಆಗಿದ್ದು ಇದೇ ವಿಷಯಕ್ಕೆ. ಅವರನ್ನು ಪಟ್ಟಿಗೆ ಸೇರಿಸಿದರೆ ನಕಲಿ ವೈದ್ಯರಿಗೆ ನಾವೇ ಸರ್ಟಿಫಿಕೇಟ್ ಕೊಟ್ಟ ಹಾಗೆ. ಸೇರಿಸದಿದ್ದರೆ ತಾಲ್ಲೂಕಿನ ನಕ್ಷೆಯಲ್ಲಿ ಹಳ್ಳಿಗಳ ಜಾಗ ಖಾಲಿ. ಫಾರ್ಮಸಿ ಓದಿದ ಗೆಳತಿ ಖಡಾಖಂಡಿತವಾಗಿ ಹೇಳಿದಳು: “ಸ್ಟೆರಾಯ್ಡ್ ಕೊಟ್ಟು ಒಂದೇ ದಿನದಾಗ ಆರಾಮ ಮಾಡೋರನ್ನ ನಾ ಪಟ್ಟಿಗಿ ಹಾಕಂಗಿಲ್ಲ.” ನಾನು ಒಪ್ಪಿದೆ. ಆದರೆ ಖಾಲಿ ಜಾಗವನ್ನು ಖಾಲಿಯಾಗೇ ತೋರಿಸಬೇಕು ಅಂತ ಪಟ್ಟು ಹಿಡಿದೆ. ‘ಈ ಊರಲ್ಲಿ ನೋಂದಾಯಿತ ಕ್ಲಿನಿಕ್ ನಮಗೆ ಸಿಕ್ಕಿಲ್ಲ, ಹತ್ತಿರದ್ದು ಇಷ್ಟು ಕಿಲೋಮೀಟರ್’ ಅಂತ ಬರುತ್ತೆ. ಆ ಸಾಲು ಎಷ್ಟು ಹಳ್ಳಿಗಳ ಮುಂದೆ ಬಂತು ಅಂತ ನೋಡಿದಾಗ ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರೊಕ್ಕದ ಮಾತು

ಡೈರೆಕ್ಟರಿ ಇಲ್ಲ ಅಂತ ನಾನು ಬರೆದೆ. ಅದು ಪೂರ್ತಿ ನಿಜ ಅಲ್ಲ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದು ಇಳಿಯಿರಿ. ಆಟೋದವರು ನಿಮ್ಮ ಮುಖ ನೋಡಿಯೇ, “ಎಲ್ಲಿಗಿ ಹೋಗ್ಬೇಕ್ರಿ, ಹಾರ್ಟಾ, ಕಿಡ್ನಿಯಾ?” ಅಂತಾರೆ. ಮೆಡಿಕಲ್ ಶಾಪಿನವರು ಒಂದು ಹೆಸರು ಹೇಳ್ತಾರೆ, ಲ್ಯಾಬಿನವರು ಇನ್ನೊಂದು. ಇವರೇ ಊರಿನ ಜೀವಂತ ಡೈರೆಕ್ಟರಿ. ಎಷ್ಟೋ ಸಲ ಇವರ ಸಲಹೆ ನಮ್ಮ ಫೋನಿಗಿಂತ ಒಳ್ಳೆಯದು, ಆ ರಾತ್ರಿ ನಮ್ಮ ಜೀಪಿನವರದ್ದು ಹಾಗೇ ಇತ್ತು. ಎಷ್ಟೋ ಸಲ ಅದರ ಹಿಂದೆ ಕಮಿಷನ್ ಇರುತ್ತೆ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡೋದು, ತಗೊಳ್ಳೋದು 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ವೈದ್ಯರಿಗೆ ನಿಷಿದ್ಧ. ಆಟೋದವರಿಗೆ ಅಂಥ ನಿಯಮಾವಳಿ ಇಲ್ಲ.

ಆನ್‌ಲೈನ್ ಡೈರೆಕ್ಟರಿ ಮಾಡಿದರೆ ಈ ಕಮಿಷನ್ ಹೋಗುತ್ತೆ ಅಂತ ನಾವು ನಂಬಿದ್ವಿ. ನಮ್ಮ ಮೊದಲ ಭೇಟಿಗಳಲ್ಲೇ ಒಬ್ಬ ಹಿರಿಯ ವೈದ್ಯರು ಕನ್ನಡಕದ ಮೇಲಿಂದ ನೋಡಿ ಕೇಳಿದರು: “ಎಷ್ಟು ರೊಕ್ಕ ಕೊಟ್ರ ಮೊದಲನೇ ಪುಟದಾಗ ಬರ್ತದ?” ರೊಕ್ಕ ಇಲ್ರಿ, ಅಕ್ಷರಮಾಲೆ ಪ್ರಕಾರ ಅಂದೆವು. ಅವರಿಗೆ ನಗು ಬಂತು. ಪ್ರಶ್ನೆ ಅವರದಷ್ಟೇ ಅಲ್ಲ. ಪಟ್ಟಿ ನೋಡುವ ರೋಗಿ ಹಣ ಕೊಡುವುದಿಲ್ಲ, ಕೊಡಬಾರದು ಕೂಡ. ಹಾಗಾದರೆ ಹಣ ಬರೋದು ಡಾಕ್ಟರಿಂದ. ಡಾಕ್ಟರ್ ಹಣ ಕೊಟ್ಟ ಕೂಡಲೇ ಮೇಲಿನ ಸಾಲು ಮಾರಾಟಕ್ಕೆ ಬರುತ್ತೆ. ಆಟೋದವರಿಗೆ ಸಿಗುತ್ತಿದ್ದ ಕಮಿಷನ್ ವೆಬ್‌ಸೈಟಿಗೆ ವರ್ಗಾವಣೆ ಆಗುತ್ತೆ, ಅಷ್ಟೇ. ಒಂದು ವ್ಯತ್ಯಾಸ ಇದೆ: ಆಟೋದವರನ್ನು ಮರುದಿನ ಹಿಡಿದು ಬೈಯಬಹುದು.

ಹಣ ತಗೊಳ್ಳದೆ ಹೋದರೂ ಕಾನೂನಿನ ಕಾಟ ತಪ್ಪಲ್ಲ. ಅದೇ 2002ರ ನಿಯಮಗಳ ಪ್ರಕಾರ ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವ ಹಾಗಿಲ್ಲ. ಹೊಸದಾಗಿ ಪ್ರ್ಯಾಕ್ಟೀಸ್ ಶುರು ಮಾಡಿದ್ದು, ವಿಳಾಸ ಬದಲಾದದ್ದು, ರಜೆ ಹೋಗಿದ್ದು, ತಿರುಗಿ ಬಂದದ್ದು, ತಮ್ಮ ಶುಲ್ಕ ಎಷ್ಟು ಅನ್ನೋದು, ಇಂಥವನ್ನು ಪ್ರಕಟಿಸಬಹುದು. ಇವುಗಳನ್ನು ಬದಲಿಸಿ ಸೋಷಿಯಲ್ ಮೀಡಿಯಾಕ್ಕೂ ನಿಯಮ ಮಾಡಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಹೊರಡಿಸಿ, ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ ಇನ್‌ಸ್ಟಾಗ್ರಾಂ ಹುಟ್ಟುವ ಮೊದಲಿನ ನಿಯಮವೇ ಈಗಲೂ ಆಧಾರ. ಕುತೂಹಲದ ಸಂಗತಿ ಅಂದರೆ, ಆ ನಿಯಮ ಅನುಮತಿ ಕೊಡುವ ಪಟ್ಟಿಯೇ ಒಂದು ಒಳ್ಳೆಯ ಡೈರೆಕ್ಟರಿಗೆ ಬೇಕಾದ ಕಾಲಮ್‌ಗಳು: ಎಲ್ಲಿ, ಯಾವಾಗ ಇದ್ದಾರೆ, ಯಾವಾಗ ಇಲ್ಲ, ಎಷ್ಟು ತಗೊಳ್ತಾರೆ.

ಆದರೆ ಫಾರಂ ತುಂಬಿಸೋಕೆ ಹೋದರೆ ‘ವಿಶೇಷತೆ’ ಅನ್ನೋ ಜಾಗದಲ್ಲಿ ಏನೇನು ಬರೆದುಕೊಡ್ತಾರೆ ನೋಡಬೇಕು. ಒಂದು ಕಡೆ ‘ಸಕ್ಕರೆ ಕಾಯಿಲೆ ಬೇರುಸಹಿತ ಗುಣ’. ಇನ್ನೊಂದು ಕಡೆ ‘ಆಪರೇಷನ್ ಇಲ್ಲದೆ ಕಿಡ್ನಿ ಕಲ್ಲು ಮಾಯ’. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹವೂ ಇದೆ, ಮೂತ್ರಪಿಂಡದ ಕಲ್ಲೂ ಇದೆ. ಔಷಧಿಯಿಂದ ಇವನ್ನು ಗುಣಪಡಿಸ್ತೀವಿ ಅಂತ ಜಾಹೀರಾತು ಪ್ರಕಟಿಸೋದು ಅಪರಾಧ. ಪ್ರಕಟಿಸುವವರು ನಾವು. ಸ್ಕ್ಯಾನಿಂಗ್ ಸೆಂಟರ್‌ಗಳ ವಿಷಯ ಇನ್ನೂ ಸೂಕ್ಷ್ಮ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ 22ನೇ ಸೆಕ್ಷನ್ ಭ್ರೂಣಲಿಂಗ ಪತ್ತೆಯ ಯಾವ ಜಾಹೀರಾತನ್ನೂ ಒಪ್ಪಲ್ಲ. ಸಾಬು ಮ್ಯಾಥ್ಯೂ ಜಾರ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ಗಳನ್ನೇ ಇದಕ್ಕಾಗಿ ನಿಲ್ಲಿಸಿ ಕೇಳಿದೆ. ಅವರನ್ನೇ ಬಿಡದವರು ಕಮಲಾಪುರದ ಮೂವರನ್ನು ಬಿಡ್ತಾರಾ? ‘ವಿಶೇಷತೆ’ ಕಾಲಮ್ಮನ್ನು ತೆಗೆದು ಹಾಕಿದ್ವಿ.

ಅಭಿಪ್ರಾಯ ಬರೆಯುವ ಜಾಗ, ಅದೇ ಸ್ಟಾರ್ ರೇಟಿಂಗ್, ಅದನ್ನೂ ತೆಗೆದ್ವಿ. ಇದಕ್ಕೆ ಗೆಳೆಯರಿಂದ ಬೈಸಿಕೊಂಡಿದ್ದೇನೆ. ರೋಗಿಗೆ ದನಿ ಬೇಡವಾ ಅಂತ. ಬೇಕು. ಆದರೆ ಸಣ್ಣ ಊರಲ್ಲಿ ಸ್ಟಾರ್ ಹಾಕುವವರು ಯಾರು ಅಂತ ನಿಮಗೂ ಗೊತ್ತು: ಡಾಕ್ಟರ ತಮ್ಮ, ಅಥವಾ ಎದುರಿನ ಡಾಕ್ಟರ ತಮ್ಮ. ಮಾನನಷ್ಟದ ಕೇಸು ಹಾಕಿದರೆ, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ವಕೀಲರ ಫೀ ಕೊಡೋಕೂ ನಮ್ಮ ಹತ್ತಿರ ದುಡ್ಡಿಲ್ಲ. ಇನ್ನೂ ಒಂದು ಕಾರಣ ಇದೆ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ವೈದ್ಯರ ಮೇಲೆ ಹಲ್ಲೆ ನಮ್ಮ ರಾಜ್ಯದಲ್ಲಿ ಎಷ್ಟು ನಿಜ ಅಂದರೆ, ಅದಕ್ಕೆಂದೇ 2009ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಒಬ್ಬ ಯುವ ವೈದ್ಯೆ, ಕಲಬುರಗಿಯವರೇ, ನಮಗೆ ಹೇಳಿದರು: “ನಂಬರ್ ಹಾಕಬ್ಯಾಡ್ರಿ. ರಾತ್ರಿ ಎರಡಕ್ಕ ವಿಡಿಯೋ ಕಾಲ್ ಬರ್ತಾವ, ಅವು ರೋಗಿಗಳದ್ದಲ್ಲ.” ಬಹಳಷ್ಟು ಕ್ಲಿನಿಕ್‌ಗಳಲ್ಲಿ ಬೇರೆ ಫೋನೇ ಇಲ್ಲ. ಇರೋದು ಡಾಕ್ಟರ ಸ್ವಂತ ನಂಬರ್, ಅಥವಾ ಕಂಪೌಂಡರ್‌ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕಾನೂನಿನ ಪ್ರಕಾರ ಸಾರ್ವಜನಿಕಗೊಳಿಸಲೇಬೇಕಾದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಬೋರ್ಡಿನ ಮೇಲಿನ ಕೆಪಿಎಂಇ ಸಂಖ್ಯೆಯನ್ನು ಧೈರ್ಯವಾಗಿ ಹಾಕಬಹುದು. ಯಾರದೋ ವಿಸಿಟಿಂಗ್ ಕಾರ್ಡಿನಿಂದ ತೆಗೆದ ಮೊಬೈಲ್ ನಂಬರ್ ಹಾಕುವ ಮುಂಚೆ ಅವರನ್ನು ಕೇಳಲ್ಲೇಬೇಕು. ನಾವು ಒಪ್ಪಿಗೆ ಪತ್ರ ಮಾಡಿಸಿದ್ವಿ, ಕನ್ನಡದಲ್ಲಿ, ಒಂದೇ ಪುಟ. ಸಹಿ ಹಾಕಿದವರಿಗಿಂತ ‘ಆಮ್ಯಾಲ ನೋಡೋಣ’ ಅಂದವರೇ ಹೆಚ್ಚು.

ಶುಲ್ಕದ ಕಾಲಮ್ಮಿನ ಕತೆ ಹೇಳಿ ಈ ಭಾಗ ಮುಗಿಸ್ತೀನಿ. ಜನರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಇದು. ವೈದ್ಯರು ತಮ್ಮ ಶುಲ್ಕವನ್ನು ಕೊಠಡಿಯ ಫಲಕದಲ್ಲಿ ಸ್ಪಷ್ಟವಾಗಿ ಬರೆಯಬೇಕು ಅಂತ 2002ರ ನಿಯಮವೇ ಹೇಳುತ್ತೆ, ಕೆಪಿಎಂಇ ಕೂಡ ದರ ಪ್ರದರ್ಶನ ಕೇಳುತ್ತೆ. ಆದರೆ ನಾವು ಹೋದ ಕಡೆಯೆಲ್ಲ ಫಲಕ ಹುಡುಕಿದ್ದೇ ಹುಡುಕಿದ್ದು. ಗಣಪತಿ ಫೋಟೋ ಇತ್ತು, ‘ಚಪ್ಪಲಿ ಹೊರಗೆ ಬಿಡಿ’ ಇತ್ತು. ದರದ ಪಟ್ಟಿ ಕಂಡದ್ದು ಕೈಬೆರಳೆಣಿಕೆ. ಕೇಳಿದರೆ ಬಂದ ಉತ್ತರ ಬಹುತೇಕ ಒಂದೇ: “ಬಡವರಿಗಿ ಕಮ್ಮಿ ತಗೋತೀವ್ರಿ, ಬರದ್ರ ಹೆಂಗ?” ಇದನ್ನು ನೆಪ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ನಮ್ಮ ಆಯಿಯ ಹಳೆಯ ಡಾಕ್ಟರ್ ಎಷ್ಟೋ ಸಲ ದುಡ್ಡೇ ತಗೊಂಡಿಲ್ಲ. ಆದರೆ ಮುಖ ನೋಡಿ ದರ ಹೇಳುವ ಜಾಗದಲ್ಲಿ, ಯಾವ ಮುಖಕ್ಕೆ ಕಮ್ಮಿ ಆಗುತ್ತೆ ಅನ್ನೋದನ್ನು ತೀರ್ಮಾನ ಮಾಡುವವರು ರೋಗಿಯಲ್ಲ.

ಒಂದು ಅರ್ಜಿ

2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಆದದ್ದು ಕಲಬುರಗಿಯ 76 ವರ್ಷದ ಹಿರಿಯರದ್ದು. ಅವರನ್ನು ಮೊದಲು ಇಲ್ಲಿನ ಖಾಸಗಿ ಆಸ್ಪತ್ರೆಗೆ, ಅಲ್ಲಿಂದ ಹೈದರಾಬಾದಿಗೆ, ಮತ್ತೆ ವಾಪಸ್ ಕಲಬುರಗಿಗೆ ಕರೆತರುವ ಓಡಾಟ ಆಗ ದೇಶವೆಲ್ಲ ಸುದ್ದಿಯಾಯಿತು. ಆಮೇಲೆ ಲಾಕ್‌ಡೌನಿನ ದಿನಗಳಲ್ಲಿ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋದ ‘ಇವತ್ತು ತೆರೆದಿರುವ ದವಾಖಾನೆ’ ಪಟ್ಟಿಗಳು ನಿಮ್ಮ ಫೋನಿಗೂ ಬಂದಿರಬಹುದು. ಯಾರು ಮಾಡಿದ್ದು ಅಂತ ಹೆಸರಿಲ್ಲದ ಪಟ್ಟಿಗಳು.

ಎಂಟು ತಿಂಗಳ ಮೇಲೆ ನಮಗೆ ಒಂದು ಸ್ಪಷ್ಟವಾಗಿದೆ. ಪಟ್ಟಿಯ ಅರ್ಧ ಭಾಗ ಸರ್ಕಾರ ಮಾತ್ರ ಕೊಡಬಲ್ಲದು: ಈ ಜಾಗ ನೋಂದಾಯಿತ, ಪದ್ಧತಿ ಇಂಥದ್ದು, ಅವಧಿ ಇಂಥ ದಿನದವರೆಗೆ. ಇನ್ನರ್ಧ, ಅಂದರೆ ಗುರುವಾರ ಬರ್ತಾರಾ, ಲೇಡಿ ಡಾಕ್ಟರ್ ಇದ್ದಾರಾ, ಮೆಟ್ಟಿಲು ಎಷ್ಟು, ಇದನ್ನು ಊರಿನವರೇ ತುಂಬಬೇಕು. ಮೊದಲ ಅರ್ಧಕ್ಕೆ ನಾವು ಟಿಕ್ ಹಾಕಬಾರದು, ಎರಡನೇ ಅರ್ಧವನ್ನು ಸರ್ಕಾರದ ಪೋರ್ಟಲ್ ಎಂದೂ ತುಂಬಲಾರದು. ಐದು ವರ್ಷಕ್ಕೊಮ್ಮೆ ನವೀಕರಣ ಆಗುವ ದಾಖಲೆಗೆ ಗುರುವಾರದ ಲೆಕ್ಕ ಎಲ್ಲಿಂದ ಬರಬೇಕು? ಆ ಪೋರ್ಟಲ್ ಕಟ್ಟಿರುವುದು ಅರ್ಜಿ ಹಾಕುವ ಡಾಕ್ಟರಿಗಾಗಿ. ಅದರ ಪಾಡಿಗೆ ಅದು ಇರಲಿ. ನಮಗೆ ಬೇಕಾಗಿರೋದು ಅದರ ಹಿಂದಿನ ಪಟ್ಟಿ, ಕನ್ನಡ ಯೂನಿಕೋಡ್‌ನಲ್ಲಿ, ಕಂಪ್ಯೂಟರ್ ಓದುವ ರೂಪದಲ್ಲಿ, ತಿಂಗಳಿಗೊಮ್ಮೆ ಹೊಸದಾಗಿ.

ಇದನ್ನು ಕೇಳೋಕೆ ಹೊಸ ಕಾನೂನೂ ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಸೆಕ್ಷನ್‌ನ 13ನೇ ಅಂಶ, ಸರ್ಕಾರಿ ಪ್ರಾಧಿಕಾರ ಯಾರಿಗೆಲ್ಲ ಪರವಾನಗಿ, ಅಧಿಕಾರಪತ್ರ ಕೊಟ್ಟಿದೆಯೋ ಅವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುತ್ತೆ. ಕ್ಲಿನಿಕ್ ನೋಂದಣಿಯೂ ಅಂಥದ್ದೇ ಅಧಿಕಾರಪತ್ರ ಅನ್ನೋದು ನಮ್ಮ ವಾದ. ಕಮಲಾಪುರದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದರೆ, ಬೇರೆ ತಾಲ್ಲೂಕುಗಳ ಹುಡುಗರೂ ಮಾಡಬಹುದು. ಆಳಂದದಿಂದ, ಸೇಡಂನಿಂದ ಈಗಾಗಲೇ ಇಬ್ಬರು ಕೇಳಿದ್ದಾರೆ.

ಕರ್ನಾಟಕದ ಮಾಹಿತಿ ಹಕ್ಕು ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ ಇರಬೇಕು, 150 ಪದ ಮೀರಬಾರದು. ಈ ಲೇಖನ ಬರೆಯೋದಕ್ಕಿಂತ ಅದನ್ನು ಬರೆಯೋಕೆ ಹೆಚ್ಚು ಹೊತ್ತು ಹಿಡಿಯಿತು. ಮೊದಲ ಕರಡಿನಲ್ಲಿ ನಾನು ಆಯಿಯ ಆ ರಾತ್ರಿಯ ಕತೆ ಸೇರಿಸಿದ್ದೆ, ವಕೀಲ ಗೆಳೆಯ ಕೆಂಪು ಗೆರೆ ಎಳೆದ. ಈಗ 112 ಪದಕ್ಕೆ ಇಳಿದಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇವೆ. ಸೋಮವಾರ ಬೆಳಿಗ್ಗೆ ಕಮಲಾಪುರದಿಂದ ಮೊದಲ ಬಸ್ ಹಿಡಿದು ಹೋಗಿ ಕೊಟ್ಟು ಬರಬೇಕು.